ಜೋಕಾಲಿ ಜೀಕುವುದಕ್ಕೂ ಪೇಟೆಂಟ್ ಸಿಕ್ಕಿತ್ತಾ? ‘ಇಷ್ಟು ಸುಲಭದ್ದಕ್ಕೆ ಪೇಟೆಂಟಾ’ ಎನ್ನುವ ಫಾರ್ವರ್ಡ್‌ಗಳ ಹಿಂದಿನ ನಿಜ

ಎರಡು ಬಗೆಯ ಮೆಸೇಜ್‌ಗಳನ್ನು ನೀವು ನೋಡಿರುತ್ತೀರಿ. ಮೊದಲನೆಯದು ನಗು ಬರಿಸುವಂಥದ್ದು: ಚಕ್ರಕ್ಕೆ ಪೇಟೆಂಟ್ ಪಡೆದ ವಕೀಲ, ಜೋಕಾಲಿಗೆ ಪೇಟೆಂಟ್ ಪಡೆದ ಐದು ವರ್ಷದ ಹುಡುಗ, ಬೆಕ್ಕು ಆಡಿಸುವುದಕ್ಕೆ ಪೇಟೆಂಟ್, ಅರಿಶಿನಕ್ಕೆ ಪೇಟೆಂಟ್. ಕೊನೆಯ ಸಾಲು ಮಾತ್ರ ಹೆದರಿಸುವಂತಿರುತ್ತದೆ: ನಾಳೆ ನಮ್ಮ ಅಡಿಕೆ ಹಾಳೆಗೂ ವಿದೇಶಿಯರಿಗೆ ರಾಯಲ್ಟಿ ಕಟ್ಟಬೇಕಾದೀತು, ಎಲ್ಲರಿಗೂ ಕಳಿಸಿ. ಎರಡನೆಯದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಂಥ ಅಡಿಕೆ ಸೀಮೆಯ ಗ್ರೂಪುಗಳಲ್ಲಿ ಹೆಚ್ಚು. ಮರ ಹತ್ತುವ ಯಂತ್ರದ್ದೋ, ಹೊಸ ದೋಟಿಯದ್ದೋ, ಅಡಿಕೆ ಸುಲಿಯುವ ಉಪಾಯದ್ದೋ ವಿಡಿಯೊ. ಕೆಳಗೆ ‘ಈ ರೈತನಿಗೆ ಪೇಟೆಂಟ್ ಸಿಗುವವರೆಗೂ ಶೇರ್ ಮಾಡಿ’.

ಚುಟುಕಾಗಿ ಉತ್ತರ ಹೀಗಿದೆ. ಮೊದಲ ಮೆಸೇಜಿನ ನಾಲ್ಕೂ ಪೇಟೆಂಟ್‌ಗಳು ನಿಜ. ಆದರೆ ಜೋಕಾಲಿಯದೂ ಅರಿಶಿನದ್ದೂ ರದ್ದಾಗಿ ಎಷ್ಟೋ ವರ್ಷವಾಯಿತು, ಚಕ್ರದ್ದಕ್ಕೆ ಕೋರ್ಟಿಗೆ ಹೋಗುವ ಬಲವೇ ಇರಲಿಲ್ಲ. ರಾಯಲ್ಟಿಯ ಮಾತು ಸುಳ್ಳು. ಎರಡನೆಯ ಮೆಸೇಜ್ ಒಳ್ಳೆಯ ಮನಸ್ಸಿನಿಂದಲೇ ಬಂದದ್ದು, ಆದರೆ ಕೆಲಸ ಕೆಡಿಸುವುದು ಅದೇ. ಅರ್ಜಿ ಹಾಕುವ ಮೊದಲೇ ಎಲ್ಲರಿಗೂ ತೋರಿಸಿದರೆ ಆ ರೈತನಿಗೆ ಪೇಟೆಂಟ್ ಸಿಗದೇ ಹೋಗಬಹುದು.

ಮೊದಲು ತಮಾಷೆಯವನ್ನು ನೋಡಿಬಿಡೋಣ.

ಚಕ್ರದ ಕತೆ ಆಸ್ಟ್ರೇಲಿಯಾದ್ದು. ಮೆಲ್ಬರ್ನ್‌ನ ವಕೀಲ ಜಾನ್ ಕಿಯೋ 2001ರಲ್ಲಿ ‘ಸಾಗಾಟಕ್ಕೆ ನೆರವಾಗುವ ವೃತ್ತಾಕಾರದ ಸಾಧನ’ ಎಂಬ ದೊಡ್ಡ ಹೆಸರಿಟ್ಟು ಚಕ್ರಕ್ಕೆ ಪೇಟೆಂಟ್ ಕೇಳಿದರು, ಸಿಕ್ಕಿತು. ಅವರ ಉದ್ದೇಶವೇ ವ್ಯವಸ್ಥೆಯ ಕಾಲೆಳೆಯುವುದಾಗಿತ್ತು. ಆಗಷ್ಟೇ ಅಲ್ಲಿ ‘ಇನೊವೇಶನ್ ಪೇಟೆಂಟ್’ ಎಂಬ ಹೊಸ ಬಗೆ ಬಂದಿತ್ತು. ಅದರಲ್ಲಿ ಅರ್ಜಿಯ ನಮೂನೆ ಸರಿಯಿದ್ದರೆ ಸಾಕು, ಒಳಗಿರುವುದು ಹೊಸದೇ ಹಳೆಯದೇ ಎಂದು ಕೊಡುವ ಮೊದಲು ಯಾರೂ ಪರೀಕ್ಷಿಸುತ್ತಿರಲಿಲ್ಲ. ಪರೀಕ್ಷೆಯಾಗಿ ಪ್ರಮಾಣಪತ್ರ ಸಿಗುವವರೆಗೆ ಅದನ್ನು ಹಿಡಿದು ಯಾರ ಮೇಲೂ ದಾವೆ ಹೂಡುವಂತಿರಲಿಲ್ಲ. ಆ ವರ್ಷ ಕಿಯೋ ಅವರಿಗೂ ಆಸ್ಟ್ರೇಲಿಯಾದ ಪೇಟೆಂಟ್ ಕಚೇರಿಗೂ ಜಂಟಿಯಾಗಿ ಇಗ್ ನೊಬೆಲ್ ಎಂಬ ಗೇಲಿ ಪ್ರಶಸ್ತಿ ಬಂತು. 2021ರ ಆಗಸ್ಟ್‌ನಿಂದ ಆ ಬಗೆಯ ಪೇಟೆಂಟಿಗೆ ಹೊಸ ಅರ್ಜಿ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದ್ದಾರೆ.

ಜೋಕಾಲಿಯದು ಅಮೆರಿಕದ ಪೇಟೆಂಟ್, ಸಂಖ್ಯೆ 6,368,227, ಏಪ್ರಿಲ್ 2002. ಅಪ್ಪ ಪೇಟೆಂಟ್ ವಕೀಲ, ಮಗ ಅರ್ಜಿದಾರ. ಆದರೆ ಜೋಕಾಲಿಗೇ ಪೇಟೆಂಟ್ ಸಿಕ್ಕಿದ್ದಲ್ಲ. ಮಣೆಯ ಮೇಲೆ ಕೂತು ಎಡಗಡೆಯ ಸರಪಳಿ ಒಮ್ಮೆ, ಬಲಗಡೆಯದು ಒಮ್ಮೆ ಎಳೆಯುತ್ತ ಪಕ್ಕಕ್ಕೆ ಜೀಕುವ ವಿಧಾನಕ್ಕೆ ಸಿಕ್ಕಿದ್ದು. ನಗಬೇಡಿ, ನಾವೆಲ್ಲ ಚಿಕ್ಕವರಿದ್ದಾಗ ಮಾಡಿದ್ದೇ. ಸುದ್ದಿಯಾದ ಮೇಲೆ ಪೇಟೆಂಟ್ ಕಚೇರಿಯೇ ಮರುಪರೀಕ್ಷೆಗೆ ತೆಗೆದುಕೊಂಡು ಅದನ್ನು ರದ್ದು ಮಾಡಿತು.

ಬೆಕ್ಕಿನದು 1995ರದ್ದು, ಸಂಖ್ಯೆ 5,443,036: ಲೇಸರ್ ಚುಕ್ಕೆಯನ್ನು ಗೋಡೆ, ನೆಲದ ಮೇಲೆ ಓಡಾಡಿಸಿ ಬೆಕ್ಕಿಗೆ ವ್ಯಾಯಾಮ ಮಾಡಿಸುವುದು. ಅದರ ಅವಧಿ ಎಂದೋ ಮುಗಿದಿದೆ. ನಿಮ್ಮ ಬೆಕ್ಕಿನ ಜೊತೆ ಧಾರಾಳವಾಗಿ ಆಡಬಹುದು.

ಇನ್ನೊಂದು ನನಗೆ ತುಂಬ ಇಷ್ಟವಾದದ್ದು, ಸ್ಯಾಂಡ್‌ವಿಚ್ ಪೇಟೆಂಟ್. ಅಮೆರಿಕದ ಸ್ಮಕರ್ಸ್ ಎಂಬ ಜಾಮ್ ಕಂಪನಿ ಕೈಯಲ್ಲಿ 1999ರ ಡಿಸೆಂಬರ್‌ನ 6,004,596 ಸಂಖ್ಯೆಯ ಪೇಟೆಂಟ್ ಇತ್ತು. ಅಂಚು ತೆಗೆದ ಎರಡು ಬ್ರೆಡ್ ಹೋಳು, ಒಳಗೆ ಹೂರಣ, ಸುತ್ತಲೂ ಒತ್ತಿ ಮುಚ್ಚಿದ ಅಂಚು. ಓದಿದ ಕೂಡಲೇ ‘ಇದು ನಮ್ಮ ಕರ್ಜಿಕಾಯಿ ಅಲ್ಲವಾ’ ಅನಿಸುತ್ತದೆ. ಆದರೆ ಪೇಟೆಂಟಿನ ಒಳಗೆ ಹೋದರೆ ಇನ್ನೊಂದು ಮಾತಿದೆ: ಎರಡೂ ಹೋಳಿಗೆ ಶೇಂಗಾ ಬೆಣ್ಣೆ ಹಚ್ಚಿ, ಜಾಮ್ ಅದರ ನಡುವೆ ಮಾತ್ರ ಇರಬೇಕು, ಆಗ ಜಾಮಿನ ನೀರು ಬ್ರೆಡ್ಡಿಗೆ ಇಳಿದು ಮೆತ್ತಗಾಗುವುದಿಲ್ಲ. ಈ ಉಪಾಯದ ಗಡಿಯನ್ನು ಇನ್ನಷ್ಟು ಹಿಗ್ಗಿಸಲು ಕಂಪನಿ ಹಾಕಿದ ಮುಂದಿನ ಅರ್ಜಿಗಳು ತಿರಸ್ಕೃತವಾದವು, 2005ರಲ್ಲಿ ಮೇಲ್ಮನವಿ ಕೋರ್ಟೂ ಅದನ್ನೇ ಎತ್ತಿಹಿಡಿಯಿತು.

ಇಲ್ಲಿ ಒಂದು ವಿಷಯ ಹಿಡಿದಿಟ್ಟುಕೊಳ್ಳಿ. ಪೇಟೆಂಟಿನ ಹೆಸರು ಓದಿ ಏನೂ ತೀರ್ಮಾನಿಸಲಾಗದು. ಅದರ ಕೊನೆಯಲ್ಲಿ ‘ಕ್ಲೇಮ್‌ಗಳು’ ಎಂದು ಅಂಕಿ ಹಾಕಿದ ವಾಕ್ಯಗಳಿರುತ್ತವೆ. ಜಮೀನಿನ ಚೆಕ್ಕುಬಂದಿ ಇದ್ದಂತೆ, ಹಕ್ಕು ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುವುದು ಅವು ಮಾತ್ರ. ಫಾರ್ವರ್ಡ್ ಮಾಡುವವರು ಓದುವುದು ಶೀರ್ಷಿಕೆ. ಜಗಳ ನಡೆಯುವುದು ಕ್ಲೇಮ್ ಮೇಲೆ.

‘ಇದು ಯಾರಿಗಾದರೂ ಹೊಳೆಯುತ್ತಿತ್ತು’ ಎಂದರೆ ಸಾಕೇ?

ಸಾಲದು. ನಮ್ಮ ಪೇಟೆಂಟ್ ಕಾಯ್ದೆ 1970ರದ್ದು. ಅದರ ಪ್ರಕಾರ ಆವಿಷ್ಕಾರ ಹೊಸದಾಗಿದ್ದರೆ ಮಾತ್ರ ಸಾಲದು. ಈಗಿರುವ ತಿಳಿವಳಿಕೆಗಿಂತ ತಾಂತ್ರಿಕವಾಗಿ ಮುಂದಿರಬೇಕು ಅಥವಾ ಆರ್ಥಿಕವಾಗಿ ಮಹತ್ವದ್ದಾಗಿರಬೇಕು, ಜೊತೆಗೆ ಆ ಕೆಲಸ ಬಲ್ಲವನಿಗೆ ಸಹಜವಾಗಿ ಹೊಳೆಯುವಂಥದ್ದಾಗಿರಬಾರದು. ‘ಆ ಕೆಲಸ ಬಲ್ಲವನು’ ಎನ್ನುವುದೇ ಮುಖ್ಯ. ಅಡಿಕೆ ಮರದ ಯಂತ್ರವಾದರೆ ಬೆಂಗಳೂರಿನಲ್ಲಿ ಕೂತು ವಿಡಿಯೊ ನೋಡುವವನಲ್ಲ, ಕೊನೆ ತೆಗೆಯುವ ಉಪಕರಣಗಳನ್ನು ಮಾಡಿ ಗೊತ್ತಿರುವವನು. ಅದೂ ಇವತ್ತಿನವನಲ್ಲ, ಅರ್ಜಿ ಹಾಕಿದ ದಿನಕ್ಕೆ ಏನು ಗೊತ್ತಿತ್ತೋ ಅಷ್ಟೇ ಗೊತ್ತಿರುವವನು.

ಉತ್ತರ ನೋಡಿದ ಮೇಲೆ ಒಗಟು ಸುಲಭ. ಬೋರ್ಡೋ ದ್ರಾವಣವನ್ನೇ ನೋಡಿ. ಮಳೆಗಾಲ ಬಂತೆಂದರೆ ಮಲೆನಾಡಿನ ತೋಟಗಳಲ್ಲಿ ಮೈಲುತುತ್ತ, ಸುಣ್ಣ ಕಲಸುವುದು ಯಾರಿಗೂ ವಿಶೇಷವಲ್ಲ. ಆದರೆ 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ಅದನ್ನು ದ್ರಾಕ್ಷಿಬಳ್ಳಿಗೆ ಎರಚುತ್ತಿದ್ದುದು ರೋಗಕ್ಕಲ್ಲ, ದಾರಿಹೋಕರು ಹಣ್ಣು ಕದಿಯದಿರಲಿ ಎಂದು! ಹಾಗೆ ಎರಚಿದ ದಾರಿಬದಿಯ ಬಳ್ಳಿಗಳಿಗೆ ಬೂಜು ರೋಗ ಬಂದಿಲ್ಲ ಎಂಬುದನ್ನು ಗಮನಿಸಿದವನು ಸಸ್ಯವಿಜ್ಞಾನಿ ಮಿಲಾರ್ದೆ. ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ಎರಡೂ ಪದಾರ್ಥ ಎಲ್ಲರಿಗೂ ಗೊತ್ತಿತ್ತು, ಕಲಸುವುದೂ ಗೊತ್ತಿತ್ತು, ಬಳ್ಳಿಗಳು ಎಲ್ಲರ ಕಣ್ಣೆದುರೇ ಇದ್ದವು. ಆದರೂ ಹೊಳೆದಿರಲಿಲ್ಲ.

ಹಾಗಾದರೆ ಗೆರೆ ಎಲ್ಲಿದೆ? ಇದಕ್ಕೆ ಮೂರು ಹಳೆಯ ಪ್ರಕರಣಗಳಿವೆ. ಮೂರೂ ತಮಾಷೆಯವಲ್ಲ, ದಿನಬಳಕೆಯ ವಸ್ತುಗಳವು.

1851ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಬಾಗಿಲಿನ ಗುಬುಟು ಬಂತು. ಮರ, ಲೋಹದ ಗುಬುಟುಗಳಿದ್ದವು. ಒಬ್ಬರು ಅದನ್ನೇ ಮಣ್ಣಿನಿಂದ, ಪಿಂಗಾಣಿಯಿಂದ ಮಾಡಿ ಪೇಟೆಂಟ್ ಪಡೆದಿದ್ದರು. ಕೋರ್ಟ್ ಒಪ್ಪಲಿಲ್ಲ. ವಸ್ತು ಬದಲಿಸುವುದು ಒಳ್ಳೆಯ ಕೆಲಸಗಾರನ ಜಾಣ್ಮೆ, ಆವಿಷ್ಕಾರಕನದ್ದಲ್ಲ ಎಂದಿತು. ಇದನ್ನು ನಮ್ಮ ತೋಟಕ್ಕೆ ತಂದು ನೋಡಿ. ಕೊಳೆರೋಗ ತಡೆಯಲು ಮಲೆನಾಡಿನಲ್ಲಿ ಹಿಂದಿನಿಂದಲೂ ಅಡಿಕೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು, ಹಾಳೆಯದ್ದೋ ಕರಡದ್ದೋ. ಆಮೇಲೆ ಪ್ಲಾಸ್ಟಿಕ್ ಕೊಟ್ಟೆ ಬಂತು. ಬಿದಿರಿನ ದೋಟಿ ಹೋಗಿ ಕಾರ್ಬನ್ ಫೈಬರ್ ದೋಟಿ ಬಂತು. ‘ಗೊನೆಗೆ ಪ್ಲಾಸ್ಟಿಕ್ ಹೊದಿಕೆ’ ಎಂದಷ್ಟೇ, ‘ದೋಟಿ, ಆದರೆ ಕಾರ್ಬನ್ ಫೈಬರ್’ ಎಂದಷ್ಟೇ ಬರೆದ ಕ್ಲೇಮ್ ನಿಲ್ಲುವುದು ಕಷ್ಟ. ಆದರೆ ಎಂಬತ್ತು ಅಡಿ ಎತ್ತರದಲ್ಲಿ ಬಾಗದಂತೆ ತುಂಡುಗಳನ್ನು ಜೋಡಿಸಿ ಬಿಗಿಯುವ ಹೊಸ ಲಾಕ್ ಒಂದನ್ನು ನೀವು ಮಾಡಿದ್ದರೆ ಆ ಲಾಕಿನ ಕತೆ ಬೇರೆ.

ಎರಡನೆಯದು ನಮ್ಮ ದೇಶದ್ದೇ. ಉತ್ತರ ಪ್ರದೇಶದ ಮಿರ್ಜಾಪುರ ಹಿತ್ತಾಳೆ ಪಾತ್ರೆಗಳಿಗೆ ಹೆಸರಾದ ಊರು. ಪಾತ್ರೆಯನ್ನು ಲೇತ್ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತ ಹೊಳಪು ಕೊಡುವಾಗ ಅದು ಕಳಚಿ ಹಾರುತ್ತಿತ್ತು, ಕೆಲಸಗಾರರಿಗೆ ಅಪಾಯ. ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ಎಂಬ ಸಂಸ್ಥೆ ಪಾತ್ರೆಯನ್ನು ಇನ್ನೊಂದು ಬದಿಯಿಂದ ಒತ್ತಿ ಹಿಡಿಯುವ ಏರ್ಪಾಡು ಮಾಡಿ 1950ರ ದಶಕದ ಆರಂಭದಲ್ಲಿ ಪೇಟೆಂಟ್ ಪಡೆಯಿತು. ಅದೇ ಊರಿನ ಬಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ಎಂಬ ಸಂಸ್ಥೆಯೂ ಅದನ್ನೇ ಬಳಸಿತು, ಜಗಳ ಕೋರ್ಟ್ ಹತ್ತಿತು. ಸುಪ್ರೀಂ ಕೋರ್ಟ್ 1978ರ ಡಿಸೆಂಬರ್‌ನಲ್ಲಿ ಪೇಟೆಂಟ್ ನಿಲ್ಲುವುದಿಲ್ಲ ಎಂದು ತೀರ್ಪು ಕೊಟ್ಟಿತು. ಕೆಲಸ ಸುಲಭವಾಯಿತು, ಸುರಕ್ಷಿತವಾಯಿತು ಎಂಬುದೇನೋ ಸರಿ. ಆದರೆ ಹಾಗೆ ಒತ್ತಿ ಹಿಡಿಯುವುದು ಲೇತ್ ಬಲ್ಲವರಿಗೆ ಗೊತ್ತಿದ್ದದ್ದೇ, ಇದು ವರ್ಕ್‌ಶಾಪಿನ ಸುಧಾರಣೆ ಮಾತ್ರ ಎಂದಿತು. ಇವತ್ತಿಗೂ ಭಾರತದಲ್ಲಿ ‘ಇದು ತೀರಾ ಸಹಜ’ ಎಂದು ವಾದಿಸುವವರು ಎತ್ತಿ ತೋರಿಸುವ ತೀರ್ಪು ಇದು. ಉಪಯೋಗಕ್ಕೆ ಬಂತು ಎನ್ನುವುದಕ್ಕೂ ಆವಿಷ್ಕಾರ ಎನ್ನುವುದಕ್ಕೂ ವ್ಯತ್ಯಾಸವಿದೆ. ಆ ಪಾತ್ರೆ ಕೆಲಸಗಾರರ ಕಡೆಯಿಂದ ನೋಡಿದರೆ ಸ್ವಲ್ಪ ಬೇಸರವೂ ಆಗುತ್ತದೆ.

ಮೂರನೆಯದು ನಿಮ್ಮ ಬೇಲಿಯಲ್ಲೇ ಇದೆ. ಮುಳ್ಳುತಂತಿ. ತಂತಿಗೆ ಮುಳ್ಳು ಕಟ್ಟುವುದು ಯಾವ ಮಹಾವಿದ್ಯೆ? ಅಮೆರಿಕದ ಇಲಿನಾಯ್ ರಾಜ್ಯದ ರೈತ ಜೋಸೆಫ್ ಗ್ಲಿಡನ್ 1874ರಲ್ಲಿ ಪೇಟೆಂಟ್ ಪಡೆಯುವ ಮೊದಲೇ ಬೇರೆಯವರು ಮುಳ್ಳುತಂತಿ ಮಾಡಿದ್ದರು. ಆದರೆ ದನ ಉಜ್ಜಿದರೆ ಆ ಮುಳ್ಳುಗಳು ಸರಿದು ಒಂದೆಡೆ ಸೇರುತ್ತಿದ್ದವು, ಇಲ್ಲವೇ ತಿರುಗಿಬಿಡುತ್ತಿದ್ದವು. ಗ್ಲಿಡನ್ ಮುಳ್ಳನ್ನು ಒಂದು ತಂತಿಗೆ ಸುತ್ತಿ, ಇನ್ನೊಂದು ತಂತಿಯನ್ನು ಅದರ ಜೊತೆ ಹೊಸೆದ. ಮುಳ್ಳು ಅಲ್ಲಾಡದಂತೆ ಸಿಕ್ಕಿಕೊಂಡಿತು. ಮೊದಮೊದಲು ಮುಳ್ಳು ಬಗ್ಗಿಸಲು ಮನೆಯ ಕಾಫಿಬೀಜ ಪುಡಿ ಮಾಡುವ ಗಿರಣಿಯನ್ನೇ ಬಳಸಿದ ಎಂದು ಹೇಳುವುದುಂಟು. 1892ರಲ್ಲಿ ಸುಪ್ರೀಂ ಕೋರ್ಟ್ ಈ ಪೇಟೆಂಟನ್ನು ಎತ್ತಿಹಿಡಿಯಿತು. ಹೆಜ್ಜೆ ಚಿಕ್ಕದೇ ಆದರೂ ಸೋಲನ್ನು ಗೆಲುವು ಮಾಡಿದ್ದು ಆ ಕೊನೆಯ ಹೆಜ್ಜೆ ಎಂಬುದು ಅದರ ತರ್ಕ. ಬಹಳ ಜನ ಪ್ರಯತ್ನಿಸಿ ಸೋತಿದ್ದರೆ, ಎಲ್ಲರಿಗೂ ಬೇಕಾಗಿದ್ದೂ ಯಾರಿಗೂ ಆಗದಿದ್ದರೆ, ‘ಇದೇನು ಮಹಾ’ ಎನ್ನುವುದು ಸುಲಭವಲ್ಲ.

ಲೇತಿನ ಒತ್ತುಗಂಬ ಬಿದ್ದುಹೋಯಿತು, ಬೇಲಿಯ ಮುಳ್ಳು ನಿಂತಿತು. ಎರಡೂ ನೋಡಲು ಸರಳ. ಹಾಗಾಗಿ ಸರಳವೋ, ಪೆದ್ದುಪೆದ್ದಾಗಿದೆಯೋ ಎನ್ನುವುದು ಪ್ರಶ್ನೆಯಲ್ಲ.

ಎಲ್ಲರಿಗೂ ಗೊತ್ತಿರುವುದಕ್ಕೆ ಪೇಟೆಂಟ್ ಸಿಗುವುದು ಹೇಗೆ?

ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಬರೆದಿಡುವುದಿಲ್ಲ, ಅದಕ್ಕೇ. ಪೇಟೆಂಟ್ ಪರೀಕ್ಷಕರ ಕೈಯಲ್ಲಿರುವುದು ಹಳೆಯ ಪೇಟೆಂಟ್‌ಗಳು, ಪತ್ರಿಕೆಗಳು, ಪುಸ್ತಕಗಳು, ಮತ್ತು ಒಂದೊಂದು ಅರ್ಜಿಗೂ ಮಿತವಾದ ಸಮಯ. ಪಕ್ಕಕ್ಕೆ ಜೀಕುವ ಮಕ್ಕಳ ಬಗ್ಗೆ ಯಾರು ಪ್ರಬಂಧ ಬರೆಯುತ್ತಾರೆ?

ಅರಿಶಿನದ ಪ್ರಕರಣ ಇದಕ್ಕೆ ಸರಿಯಾದ ಉದಾಹರಣೆ. 1995ರ ಮಾರ್ಚ್ 28ರಂದು ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು, ಸಂಖ್ಯೆ 5,401,504. ಸಂಶೋಧಕರಿಬ್ಬರೂ ಭಾರತೀಯ ಮೂಲದವರೇ. ಪೇಟೆಂಟ್ ಅರಿಶಿನ ಗಿಡಕ್ಕಲ್ಲ, ಅಡುಗೆಗೆ ಹಾಕುವುದಕ್ಕೂ ಅಲ್ಲ, ಗಾಯ ಮಾಯಿಸಲು ಅರಿಶಿನ ಪುಡಿ ಬಳಸುವುದಕ್ಕೆ. ಕೈ ಕೊಯ್ದುಕೊಂಡರೆ ಅರಿಶಿನ ಒತ್ತುವುದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಆದರೆ ಆಗಿನ ಅಮೆರಿಕದ ಕಾನೂನಿನಲ್ಲಿ ಒಂದು ತೊಡಕಿತ್ತು. ಬೇರೆ ದೇಶದಲ್ಲಿ ಜನ ಬಳಸುತ್ತಿದ್ದರು ಎನ್ನುವುದು ಲೆಕ್ಕಕ್ಕೆ ಬರುತ್ತಿರಲಿಲ್ಲ; ಮುದ್ರಿತ ದಾಖಲೆ ಬೇಕಿತ್ತು. ಆರ್. ಎ. ಮಾಶೇಲ್ಕರ್ ಮುಂದಾಳತ್ವದ ಸಿಎಸ್‌ಐಆರ್ 1996ರಲ್ಲಿ ಮರುಪರೀಕ್ಷೆಗೆ ಅರ್ಜಿ ಹಾಕಿ 32 ದಾಖಲೆಗಳನ್ನು ಮುಂದಿಟ್ಟಿತು. ಸಂಸ್ಕೃತ, ಉರ್ದು, ಹಿಂದಿಯ ಹಳೆಯ ಬರಹಗಳು, 1953ರ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯ ಲೇಖನವೊಂದು. 1997ರಲ್ಲಿ ಕ್ಲೇಮ್‌ಗಳನ್ನು ತಿರಸ್ಕರಿಸಿದರು, ಮರುವರ್ಷ ಪ್ರಕ್ರಿಯೆ ಮುಗಿಯಿತು. ಅಜ್ಜಿಯ ಮಾತಿಗೆ ಸಿಗದ ಬೆಲೆ ಅಚ್ಚಾದ ಹಾಳೆಗೆ ಸಿಕ್ಕಿತು. ಅಮೆರಿಕದ ಈ ನಿಯಮ 2013ರಲ್ಲಿ ಬದಲಾಗಿದೆ.

ಅಂದಹಾಗೆ, ಆ ಪೇಟೆಂಟ್ ಬದುಕಿದ್ದಾಗಲೂ ಭಾರತದಲ್ಲಿ ಅದಕ್ಕೆ ಕಿಂಚಿತ್ತೂ ಬಲವಿರಲಿಲ್ಲ. ಪೇಟೆಂಟ್ ಕೊಟ್ಟ ದೇಶದ ಗಡಿಯೊಳಗೆ ಮಾತ್ರ ನಡೆಯುತ್ತದೆ. ಅಮೆರಿಕದ ಪೇಟೆಂಟ್ ಹಿಡಿದುಕೊಂಡು ಯಾರೂ ಶೃಂಗೇರಿಯ ಅಂಗಡಿಗೆ ಬಂದು ರಾಯಲ್ಟಿ ಕೇಳಲಾಗದು. ಆ ದೇಶಕ್ಕೆ ರಫ್ತು ಮಾಡುವವರಿಗೆ ಮಾತ್ರ ತಲೆನೋವು.

ಬೇವಿನದೂ ಇಂಥದ್ದೇ. ಬೇವಿನ ಎಣ್ಣೆಯಿಂದ ಗಿಡಗಳ ಶಿಲೀಂಧ್ರ ತಡೆಯುವ ವಿಧಾನಕ್ಕೆ ಅಮೆರಿಕ ಸರಕಾರದ ಕೃಷಿ ಇಲಾಖೆ ಮತ್ತು ಡಬ್ಲ್ಯು. ಆರ್. ಗ್ರೇಸ್ ಕಂಪನಿಗೆ ಯುರೋಪಿನಲ್ಲಿ 1994ರಲ್ಲಿ ಪೇಟೆಂಟ್ ಸಿಕ್ಕಿತ್ತು. ವಂದನಾ ಶಿವ ಮತ್ತಿತರರು ವಿರೋಧಿಸಿದ್ದರಿಂದ 2000ದಲ್ಲಿ ರದ್ದಾಯಿತು, ಮೇಲ್ಮನವಿ 2005ರಲ್ಲಿ ವಜಾ ಆಯಿತು. ಇವೆರಡರ ಪಾಠದಿಂದಲೇ ಆಯುರ್ವೇದ, ಸಿದ್ಧ, ಯುನಾನಿ ಗ್ರಂಥಗಳ ತಿಳಿವಳಿಕೆಯನ್ನು ವಿದೇಶಿ ಪರೀಕ್ಷಕರೂ ಹುಡುಕುವಂತೆ ಮಾಡಿದ ಡಿಜಿಟಲ್ ಗ್ರಂಥಾಲಯ ಹುಟ್ಟಿತು.

ನಮ್ಮ ಕಾಯ್ದೆ ಈ ವಿಷಯದಲ್ಲಿ ಹೆಚ್ಚು ಉದಾರ. ಸಾಂಪ್ರದಾಯಿಕ ತಿಳಿವಳಿಕೆಗೆ ಪೇಟೆಂಟ್ ಇಲ್ಲ. ಕೃಷಿಯ ವಿಧಾನಕ್ಕೂ ಇಲ್ಲ. ಔಷಧಿ ಹೊಡೆಯುವ ಕ್ರಮಕ್ಕೆ ಸಿಗದು, ಹೊಡೆಯುವ ಯಂತ್ರಕ್ಕೆ ಸಿಗಬಹುದು. ಕ್ಷುಲ್ಲಕವಾದದ್ದಕ್ಕೆ, ನಿಸರ್ಗ ನಿಯಮಕ್ಕೆ ವಿರುದ್ಧವಾದದ್ದಕ್ಕೆ ಇಲ್ಲ ಎಂದು ಕಾಯ್ದೆ ನೇರವಾಗಿ ಹೇಳುತ್ತದೆ. ಬರೀ ನೀರು ಹಾಕಿ ಓಡಿಸುವ ಬೈಕಿನ ಫಾರ್ವರ್ಡ್ ಬಂದಾಗ ಇದು ನೆನಪಿರಲಿ. ಇನ್ನೂ ಮುಖ್ಯವಾದದ್ದು: ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟ್ ಕೊಡುವ ಮೊದಲು, ಯಾರು ಬೇಕಾದರೂ ಲಿಖಿತವಾಗಿ ವಿರೋಧಿಸಬಹುದು. ‘ಇದು ನಮ್ಮ ಸಮುದಾಯದಲ್ಲಿ ಬಾಯಿಂದ ಬಾಯಿಗೆ ಬಂದ ತಿಳಿವಳಿಕೆ’ ಎನ್ನುವುದೂ ಒಂದು ಕಾರಣವಾಗುತ್ತದೆ, ಪುಸ್ತಕದಲ್ಲಿ ಇರಲೇಬೇಕೆಂದಿಲ್ಲ. ಯಾರಾದರೂ ಹಾಳೆ ಕೊಟ್ಟೆಗೆ ಪೇಟೆಂಟ್ ಕೇಳಿದರೆ ನರಸಿಂಹರಾಜಪುರದ ಬೆಳೆಗಾರರೇ ತಡೆಯೊಡ್ಡಬಹುದು.

ಆದರೂ ದಿನಾಂಕವಿರುವ ಕಾಗದದ ತೂಕವೇ ಬೇರೆ. ಈ ವಿಷಯದಲ್ಲಿ ಮಲೆನಾಡು ಅದೃಷ್ಟವಂತ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬಗ್ಗೆ 1910ರಲ್ಲೇ ವರದಿ ಅಚ್ಚು ಹಾಕಿಸಿದ್ದರು. ಕಾಫಿ ಎಲೆರೋಗಕ್ಕೆ 1915ರಲ್ಲಿ ಕೊಪ್ಪದಲ್ಲೇ ತಾತ್ಕಾಲಿಕ ಸಂಶೋಧನಾ ಘಟಕ ಶುರುವಾಯಿತು. 1925ರಲ್ಲಿ ಬಾಳೆಹೊನ್ನೂರಿನ ಹತ್ತಿರ ಪ್ರಯೋಗ ಕೇಂದ್ರ ಬಂತು, ಅದೇ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಇಂಥ ಕಡೆ ಅಚ್ಚಾದ ಪ್ರತಿಯೊಂದು ವರದಿಯೂ ಮುಂದೊಂದು ದಿನ ‘ಇದು ಹೊಸದಲ್ಲ’ ಎನ್ನಲು ಸಾಕ್ಷಿ.

ಮೆಸೇಜ್ ಬಂದರೆ ಏನು ನೋಡಬೇಕು?

ಸಂಖ್ಯೆ ಕೇಳಿ. ಭಾರತದಲ್ಲಿ 2024 ಎಂಬಂತೆ ಇಸವಿಯಿಂದ ಶುರುವಾಗುವ 12 ಅಂಕಿಗಳ ಸಂಖ್ಯೆ ಕೊಟ್ಟರೆ ಅದು ಅರ್ಜಿಯ ಸಂಖ್ಯೆ, ಪೇಟೆಂಟ್ ಸಂಖ್ಯೆಯಲ್ಲ. ಐದನೆಯ ಅಂಕಿ 4 ಆಗಿದ್ದರೆ ಚೆನ್ನೈ ಕಚೇರಿಯದು; ಕರ್ನಾಟಕದ ಅರ್ಜಿಗಳು ಅಲ್ಲಿಗೇ ಹೋಗುತ್ತವೆ. ಅರ್ಜಿ ಸಾಮಾನ್ಯವಾಗಿ 18 ತಿಂಗಳಾದ ಮೇಲೆ ಪ್ರಕಟವಾಗುತ್ತದೆ. ‘ಪೇಟೆಂಟ್ ಸಿಕ್ಕಿತು’ ಎಂದು ಹೂಮಾಲೆ ಹಾಕಿದ ಎಷ್ಟೋ ಫೋಟೊಗಳ ಹಿಂದೆ ಇರುವುದು ಈ ಪ್ರಕಟಣೆ ಮಾತ್ರ. ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಸಂಖ್ಯೆ ಹಾಕಿ ಸ್ಥಿತಿಯನ್ನು ಉಚಿತವಾಗಿ ನೋಡಬಹುದು. ವಿದೇಶದ್ದಾದರೆ ಗೂಗಲ್ ಪೇಟೆಂಟ್ಸ್‌ನಲ್ಲಿ ಸಿಗುತ್ತದೆ. ಇನ್ನು ಚಿಕ್ಕಮಗಳೂರು ಅರೇಬಿಕಾ, ಶಿರಸಿ ಸುಪಾರಿಗೆ 2019ರಲ್ಲಿ ಸಿಕ್ಕಿದ್ದು ಭೌಗೋಳಿಕ ಗುರುತು. ಅದನ್ನೂ ‘ಪೇಟೆಂಟ್’ ಎಂದು ಹಂಚುತ್ತಾರೆ, ಅದಲ್ಲ.

ನಿಮ್ಮದೇ ಉಪಾಯವಾಗಿದ್ದರೆ?

ಮೊದಲು ಅರ್ಜಿ, ಆಮೇಲೆ ವಿಡಿಯೊ. ಯೂಟ್ಯೂಬಿಗೆ ಹಾಕಿದ ದಿನವೇ ಅದು ಲೋಕಕ್ಕೆಲ್ಲ ಗೊತ್ತಾದಂತೆ. ನಂತರ ನೀವೇ ಅರ್ಜಿ ಹಾಕಿದರೂ ನಿಮ್ಮ ವಿಡಿಯೊವನ್ನೇ ನಿಮಗೆ ವಿರುದ್ಧವಾಗಿ ತೋರಿಸಬಹುದು. ಅಮೆರಿಕದಲ್ಲಿ ಇದಕ್ಕೆ ಒಂದು ವರ್ಷದ ರಿಯಾಯಿತಿ ಇದೆ. ಭಾರತದಲ್ಲಿ ರಿಯಾಯಿತಿ ತೀರಾ ಕಿರಿದು: ಕೇಂದ್ರ ಸರಕಾರ ಅಧಿಸೂಚಿಸಿದ ಪ್ರದರ್ಶನ, ವಿದ್ವತ್ ಸಭೆಯ ಪ್ರಬಂಧ, ಸಾರ್ವಜನಿಕವಾಗಿಯೇ ಮಾಡಬೇಕಾದ ಪ್ರಯೋಗ, ಇಂಥವಕ್ಕೆ ಮಾತ್ರ. ಊರಿನ ಕೃಷಿಮೇಳದ ಮಳಿಗೆ ಸಾಮಾನ್ಯವಾಗಿ ಇದರಲ್ಲಿ ಬರುವುದಿಲ್ಲ. ಯಂತ್ರ ಪೂರ್ತಿ ಆಗದಿದ್ದರೆ ತಾತ್ಕಾಲಿಕ ವಿವರಣೆ ಸಲ್ಲಿಸಿ ದಿನಾಂಕ ಹಿಡಿದುಕೊಂಡು, 12 ತಿಂಗಳೊಳಗೆ ಪೂರ್ಣ ವಿವರ ಕೊಡಬಹುದು. ವ್ಯಕ್ತಿಗಳಿಗೆ ಆನ್‌ಲೈನ್ ಅರ್ಜಿಗೆ 1,600 ರೂಪಾಯಿ, ಪರೀಕ್ಷೆ ಕೋರಲು 4,000 ರೂಪಾಯಿ ಸರಕಾರಿ ಶುಲ್ಕ. ಬರೆದುಕೊಡುವವರ ಶುಲ್ಕ ಬೇರೆ, ಅದೇ ಹೆಚ್ಚಾಗುವುದು. ಕ್ಲೇಮ್ ಬರೆಯುವುದು ನುರಿತವರ ಕೆಲಸ, ಅಲ್ಲಿ ಜಿಪುಣತನ ಬೇಡ. ಕೇರಳದ ಕಣ್ಣೂರು ಜಿಲ್ಲೆಯ ಚೆಂಬೇರಿಯ ಎಂ. ಜೆ. ಜೋಸೆಫ್ ಅವರ ತೆಂಗಿನ ಮರ ಹತ್ತುವ ಸಾಧನಕ್ಕೆ ಪೇಟೆಂಟ್ ಸಿಕ್ಕಿದೆ. ಕಬ್ಬಿಣದ ಚೌಕಟ್ಟು, ಮರ ಬಳಸುವ ತಂತಿ, ಇಷ್ಟೇ. ನೋಡಿದರೆ ಯಾರಿಗಾದರೂ ಹೊಳೆಯಬಹುದಿತ್ತು ಅನಿಸುತ್ತದೆ.

ವಿಡಿಯೊ ಈಗಾಗಲೇ ಹೋಗಿಬಿಟ್ಟಿದೆಯೇ? ಹಾಗಾದರೆ ಅಳಿಸಬೇಡಿ. ಅದರಲ್ಲಿರುವುದಕ್ಕೆ ನಿಮಗೆ ಪೇಟೆಂಟ್ ಸಿಗದೇ ಹೋಗಬಹುದು, ಆಮೇಲೆ ಸೇರಿಸಿದ ಸುಧಾರಣೆಗೆ ಇನ್ನೂ ಅವಕಾಶವಿದೆ. ಎರಡು ವರ್ಷ ಬಿಟ್ಟು ಯಾವುದೋ ಕಂಪನಿ ಅದೇ ಉಪಾಯಕ್ಕೆ ಪೇಟೆಂಟ್ ಕೇಳಿದರೆ, ದಿನಾಂಕದ ಸಮೇತ ಎಲ್ಲರಿಗೂ ಕಾಣುವಂತೆ ಉಳಿದಿರುವ ಆ ವಿಡಿಯೊದ ಲಿಂಕನ್ನೇ ವಿರೋಧದ ಅರ್ಜಿಗೆ ಲಗತ್ತಿಸಬಹುದು.